‘ಮಯೂರ’ದೊಳಗಿನ ಶಾಸನ

1975ರಲ್ಲಿ ತೆರೆಗೆ ಬಂದ ‘ಮಯೂರ’ ಚಿತ್ರವನ್ನು ತಮ್ಮಲ್ಲಿ ಹಲವರು ರಾಜ್‌ಕುಮಾರ್ ಅವರ ಅಭಿನಯಕ್ಕಾಗಿ ನೋಡಿರಬಹುದು. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿದ ಆ ಚಿತ್ರದೊಳಗೆ ತಾಳಗುಂದದ ಸ್ತಂಭಶಾಸನವೊಂದು ಅಡಗಿ ಕುಳಿತಿದೆ.

ಐದನೆಯ ಶತಮಾನದ ಆ ಶಾಸನವನ್ನು ರಚಿಸಿದವನು ಕುಬ್ಜಕವಿ. ಅದರಂತೆ ಮಯೂರಶರ್ಮನು ವೇದಾಧ್ಯಯನಕ್ಕೆಂದು ಕಂಚಿಯ ಘಟಿಕೆಗೆ ಹೋದ ಬ್ರಾಹ್ಮಣ ವಟು. ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಗಿ, ದರ್ಭೆ ಸಮಿತ್ತುಗಳನ್ನು ಹಿಡಿದಿದ್ದ ಕೈ ಖಡ್ಗವನ್ನು ಹಿಡಿಯಿತು. ಚಿತ್ರದಲ್ಲಾದರೋ ಈ ಶರ್ಮನು ಪಲ್ಲವರಿಂದ ಹತನಾದ ಕದಂಬ ದೊರೆಯ ಮಗನೆಂದು ತಿಳಿದುಬರುತ್ತದೆ! ಶಾಸನದಲ್ಲಿ ಅವನಿಗೆ ಮೊದಲು ಕದಂಬ ರಾಜ್ಯವೇ ಇಲ್ಲ. ಇದ್ದುದು ಮನೆಯ ಬಳಿ ಆ ಕುಲದವರು ಬೆಳೆಸಿದ ಒಂದು ಕದಂಬ ವೃಕ್ಷ.

ಈ ಮಾರ್ಪಾಟನ್ನು ನಾನು ಹಗುರವಾಗಿ ಕಾಣಲಾರೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಗಿತ್ತು. ಕಳೆದುಹೋದ ನಾಡನ್ನು ಮರಳಿ ಪಡೆಯುವ ನಾಯಕನು ಆ ಹೊತ್ತಿನ ಪ್ರೇಕ್ಷಕನಿಗೆ ತನ್ನವನೇ ಎನಿಸಿದ್ದು ಸಹಜ. ಆದರೆ ರಾಜರಕ್ತದ ಆಸರೆಯಿಲ್ಲದೆ ಅವಮಾನವೊಂದನ್ನೇ ಬಂಡವಾಳವಾಗಿಸಿಕೊಂಡು ರಾಜ್ಯ ಕಟ್ಟಿದವನ ಅಚ್ಚರಿ ಅಲ್ಲಿ ಕೈಬಿಟ್ಟುಹೋಯಿತು. ಕರ್ಣನ ಕಥೆ ಕೇಳಿ ಬೆಳೆದ ನಮಗೆ ಗುಪ್ತವಂಶದ ನಾಯಕನೇ ಹೆಚ್ಚು ಪ್ರಿಯನೋ ಏನೋ!

ಇನ್ನೊಂದು ಮಾತು. ಶ್ರೀಪರ್ವತದ ಅಡವಿಯನ್ನು ಸೇರಿದ ಮಯೂರಶರ್ಮನು ಬೃಹದ್ಬಾಣರಿಂದ ಕಪ್ಪ ವಸೂಲು ಮಾಡಿದನೆಂದೂ ಶಾಸನ ಹೇಳುತ್ತದೆ. ಬಾಣರು ಆಳಿದ್ದು ನಮ್ಮ ಕೋಲಾರ ಸೀಮೆಯನ್ನು. ಚಿಕ್ಕಬಳ್ಳಾಪುರದ ಬಳಿಯ ನಂದಿಯ ದೇವಾಲಯಕ್ಕೂ ಆ ವಂಶಕ್ಕೂ ನಂಟುಂಟು. ಗೌರಿಬಿದನೂರಿನಿಂದ ಶಿಡ್ಲಘಟ್ಟ, ಚಿಂತಾಮಣಿಗಳವರೆಗೆ ಮಯೂರನಿಗೆ ಚಪ್ಪಾಳೆ ತಟ್ಟಿದ ನಾವೆಲ್ಲ ಕಪ್ಪ ತೆತ್ತವರ ಕಡೆಯವರು.