ಬೆಳಕು ತಗಡಿನೊಳಗೆ ಎಷ್ಟು ಇಳಿಯಬೇಕು?

ಬೀದರಿನ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಬಂದರೆ ಮನೆಗಳಿಗಿಂತ ಮೊದಲು ಗೇಟುಗಳೇ ಕಣ್ಣಿಗೆ ಬೀಳುತ್ತವೆ. ನವಿಲು, ಬಳ್ಳಿ, ಕಲಶ, ಓಡುವ ಕುದುರೆ, ಮನೆತನದ ಹೆಸರು, ಎಲ್ಲವನ್ನೂ ಒಂದೇ ತಗಡಿನಲ್ಲಿ ಕೊರೆದ ಜಾಲರಿ. ಭಾಲ್ಕಿ, ಔರಾದ ಕಡೆಗೂ ಇದೇ ಬೇಡಿಕೆ. ಸರಳು ಬಗ್ಗಿಸಿ, ಹೂವು ಬೆಸೆದು ಗೇಟು ಮಾಡುತ್ತಿದ್ದ ವೆಲ್ಡಿಂಗ್ ಅಂಗಡಿಗೆ ಇಂದು ಬರುವ ಗಿರಾಕಿ ಮೊಬೈಲಿನಲ್ಲಿ ಚಿತ್ರ ತೋರಿಸಿ, ‘ಇದೇ ಸಿಎನ್‌ಸಿ ಡಿಸೈನ್ ಹಾಕ್ರಿ’ ಎನ್ನುತ್ತಾನೆ. ಅದರಲ್ಲಿ ಒರಟಾದದ್ದನ್ನು ಪ್ಲಾಸ್ಮಾ ಕತ್ತರಿಸುತ್ತದೆ, ನಯವಾದದ್ದನ್ನು ಲೇಸರ್.

ಲೇಸರ್ ಕೆಲಸ ಚೆನ್ನಾಗಿ ಬಿದ್ದಿದೆಯೇ ಎಂದು ತಿಳಿಯಲು ಬಣ್ಣ ಬಳಿಯುವ ಮೊದಲೇ ತಗಡನ್ನು ಮಗುಚಿ ನೋಡಬೇಕು. ಕೆಳಗಿನ ಅಂಚಿನಲ್ಲಿ ಉಗುರು ತಡೆಯದೆ ಜಾರಿದರೆ ಕೆಲಸ ಸರಿ. ಸಣ್ಣ ಮುಳ್ಳಿನಂಥ ಗಟ್ಟಿ ಹನಿಗಳು ಸಾಲಾಗಿ ಸಿಕ್ಕರೆ ಅದಕ್ಕೆ ಬರ್ ಎನ್ನುತ್ತಾರೆ. ‘ಬರ್ ಬರ್ಲತ್ತದ’ ಎಂದು ಹುಡುಗ ಕೂಗಿದೊಡನೆ ಅನುಭವಿ ಆಪರೇಟರ್ ಪವರ್ ಏರಿಸಲು ಹೋಗುವುದಿಲ್ಲ. ಕಿರಣವೂ ಅನಿಲವೂ ಹೊರಬರುವ ನಾಝಲ್ ನೋಡುತ್ತಾನೆ, ಮಸೂರ ಕಾಯುವ ಗಾಜು ನೋಡುತ್ತಾನೆ, ಆಮೇಲೆ ಫೋಕಸ್ ನೋಡುತ್ತಾನೆ. ಯಾರೂ ಅಷ್ಟಾಗಿ ಬರೆಯದ, ಕೋರ್ಸಿನಲ್ಲಿ ಒಂದೆರಡು ಸಾಲಿಗೆ ಮುಗಿದುಹೋಗುವ ಈ ಫೋಕಸ್ ಕೂರಿಸುವ ವಿದ್ಯೆಯನ್ನು ಒಂದು ಕಸುಬೆಂದೇ ಪರಿಚಯಿಸಬೇಕೆಂದು ನನಗೆ ಬಹುಕಾಲದಿಂದ ಅನಿಸಿದೆ.

ಇಂದಿನ ಫೈಬರ್ ಲೇಸರ್ ಯಂತ್ರದಲ್ಲಿ ಬೆಳಕು ಕೂದಲೆಳೆಯಂಥ ಗಾಜಿನ ತಂತಿಯ ಮೂಲಕ ಕಟಿಂಗ್ ಹೆಡ್ಡಿಗೆ ಬರುತ್ತದೆ. ತಂತಿಯ ಬಾಯಿಂದ ಹೊರಬಿದ್ದ ಕಿರಣ ಅಗಲವಾಗಿ ಹರಡಿಕೊಳ್ಳುತ್ತದೆ. ಕಾಲಿಮೇಟರ್ ಎಂಬ ಮೊದಲ ಮಸೂರ ಅದನ್ನು ನೆಟ್ಟಗೆ ಸಮಾನಾಂತರ ಮಾಡುತ್ತದೆ, ಎರಡನೆಯ ಮಸೂರ ಒಂದೆಡೆಗೆ ಕೂಡಿಸುತ್ತದೆ. ಕೂಡಿದ ಜಾಗದಲ್ಲಿ ಕಿರಣದ ಅಗಲ ಸುಮಾರು 0.1 ಮಿಲಿಮೀಟರ್. ಅದರಾಚೆ ಮತ್ತೆ ಅಗಲವಾಗುತ್ತ ಹೋಗುತ್ತದೆ. ಅಂದರೆ ಕಿರಣಕ್ಕೆ ಒಂದು ಸಣ್ಣ ನಡು ಇದೆ. ಆ ನಡುವನ್ನು ತಗಡಿನ ಮೇಲೆ, ಮೈಮಟ್ಟಕ್ಕೆ ಅಥವಾ ಒಳಗೆ, ಎಲ್ಲಿ ಇಡಬೇಕು ಎಂಬುದೇ ಫೋಕಸ್ ಕೂರಿಸುವ ಕೆಲಸ. ತಗಡಿನ ಮೈಮಟ್ಟಕ್ಕೆ ಇದ್ದರೆ ಸೊನ್ನೆ, ಮೇಲಿದ್ದರೆ ಪ್ಲಸ್, ಒಳಗಿದ್ದರೆ ಮೈನಸ್ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಯಂತ್ರದಿಂದ ಯಂತ್ರಕ್ಕೆ ಈ ಚಿಹ್ನೆಯ ರೂಢಿ ಬದಲಾಗುವುದೂ ಉಂಟು. ಹೊಸ ಯಂತ್ರದ ಮುಂದೆ ನಿಂತವನು ಮೊದಲು ಇದನ್ನೇ ಕೇಳಿಕೊಳ್ಳಬೇಕು.

ಹೊಸಬರು ನಡು ಯಾವಾಗಲೂ ತಗಡಿನ ಮೇಲ್ಮೈಗೇ ಕೂರಬೇಕು ಎಂದುಕೊಳ್ಳುತ್ತಾರೆ. ತೆಳು ತಗಡಿನಲ್ಲಿ ಅದು ನಡೆಯುತ್ತದೆ. ದಪ್ಪ ಹೆಚ್ಚಿದಂತೆ ಲೋಹದ ಸ್ವಭಾವ ನೋಡಬೇಕಾಗುತ್ತದೆ. ಸಾದಾ ಕಬ್ಬಿಣದ ದಪ್ಪ ಪ್ಲೇಟನ್ನು ಆಮ್ಲಜನಕ ಊದಿ ಕತ್ತರಿಸುವಾಗ ಕಿರಣ ಕಬ್ಬಿಣವನ್ನು ಕಾಯಿಸುತ್ತದೆ, ಉಳಿದ ಕೆಲಸವನ್ನು ಆಮ್ಲಜನಕ ಅದನ್ನು ಸುಟ್ಟು ಮುಗಿಸುತ್ತದೆ. ಅನಿಲ ಕೆಳತನಕ ಇಳಿಯಲು, ಕರಗಿದ ಕಿಟ್ಟ ಹೊರಬೀಳಲು ದಾರಿ ಅಗಲವಾಗಿರಬೇಕು. ಅದಕ್ಕೇ ನಡುವನ್ನು ಪ್ಲೇಟಿನಿಂದ ಮೇಲೆತ್ತಿ ಇಡುತ್ತಾರೆ, ಅನಿಲದ ಒತ್ತಡವನ್ನು ಒಂದು ಬಾರಿನ ಆಸುಪಾಸಿಗೆ ಅಥವಾ ಅದಕ್ಕೂ ಕೆಳಗೆ ತರುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿನ ಮಾತು ಇದಕ್ಕೆ ತೀರ ವಿರುದ್ಧ. ಅಲ್ಲಿ ಸುಡುವುದು ಬೇಡ, ಸುಟ್ಟರೆ ಅಂಚು ಕಪ್ಪಾಗುತ್ತದೆ. ಕರಗಿಸಿ, ಹತ್ತರಿಂದ ಇಪ್ಪತ್ತು ಬಾರ್ ಒತ್ತಡದ ಸಾರಜನಕದಿಂದ ಊದಿ ತೆಗೆಯಬೇಕು. ತಳದಲ್ಲೂ ಲೋಹ ನೀರಾಗಿಯೇ ಉಳಿಯಲೆಂದು ನಡುವನ್ನು ತಗಡಿನೊಳಕ್ಕೆ ಇಳಿಸುತ್ತಾರೆ. ದಪ್ಪ ಹೆಚ್ಚಿದಷ್ಟೂ ಹೆಚ್ಚು ಆಳ. ಒಂದೇ ಯಂತ್ರ, ಒಂದೇ ಕಿರಣ. ಒಂದು ಲೋಹಕ್ಕೆ ಮೇಲೇರಬೇಕು, ಇನ್ನೊಂದಕ್ಕೆ ಇಳಿಯಬೇಕು.

ಈ ಲೆಕ್ಕವೆಲ್ಲ ನಿಂತಿರುವುದು ಸೊನ್ನೆಯ ಮೇಲೆ. ಸೊನ್ನೆಯೇ ಜಾರಿದ್ದರೆ ಮೈನಸ್ ಮೂರು ಎಂದು ತೆರೆಯ ಮೇಲೆ ಕಂಡದ್ದು ತಗಡಿನಲ್ಲಿ ಮೈನಸ್ ಎರಡಾಗಿರಬಹುದು, ನಾಲ್ಕೂ ಆಗಿರಬಹುದು. ಆದ್ದರಿಂದ ಸೊನ್ನೆ ಹುಡುಕುವ ಕ್ರಮವನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಮೊದಲು ನಾಝಲ್‌ನ ನಡುವಿಗೆ ಕಿರಣ ಬರುತ್ತಿದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ನಾಝಲ್ ಬಾಯಿಗೆ ಟೇಪು ಅಂಟಿಸಿ, ಅತಿ ಕಡಿಮೆ ಪವರಿನಲ್ಲಿ ಒಂದು ಕ್ಷಣ ಲೇಸರ್ ಹೊಡೆದು ತೆಗೆದರೆ, ಬಾಯಿಯ ದುಂಡು ಅಚ್ಚು, ಅದರೊಳಗೆ ಕಿರಣದ ಸಣ್ಣ ತೂತು ಎರಡೂ ಕಾಣುತ್ತವೆ. ತೂತು ನಟ್ಟನಡುವೆ ಬರುವವರೆಗೆ ಹೆಡ್ಡಿನ ಪಕ್ಕದ ಸ್ಕ್ರೂಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೊಸ ಟೇಪು ಹಾಕುತ್ತಿರಬೇಕು. ಇದು ತಪ್ಪಿದ್ದರೆ ಒಂದು ದಿಕ್ಕಿನ ಅಂಚು ನಯ, ಎದುರು ದಿಕ್ಕಿನದು ಒರಟು. ಫೋಕಸ್ ಎಷ್ಟು ತಿರುಗಿಸಿದರೂ ಅದು ಸರಿಹೋಗದು.

ಆಮೇಲೆ ತೆಳು ತಗಡೊಂದನ್ನು ಮಟ್ಟವಾಗಿ ಹಾಸಿ, ನಾಝಲ್‌ನ ಎತ್ತರ ಬದಲಿಸದೆ, ಫೋಕಸ್ ಮಾತ್ರ ಅರ್ಧ ಮಿಲಿಮೀಟರಿನಂತೆ ಸರಿಸುತ್ತ ಒಂದರ ಪಕ್ಕ ಒಂದು ಗೆರೆ ಹೊಡೆಯುತ್ತಾರೆ. ಏಣಿಯ ಮೆಟ್ಟಿಲಿನಂತೆ ಸಾಲುಗೆರೆಗಳು ಬೀಳುತ್ತವೆ. ಮೊದಲವು ಅಗಲ, ನಡುವಿನವು ಕಿರಿದು, ಕೊನೆಯವು ಮತ್ತೆ ಅಗಲ. ಭೂತಗನ್ನಡಿ ಹಿಡಿದು ಅತ್ಯಂತ ಕಿರಿದಾದ ಗೆರೆ ಗುರುತಿಸಿದರೆ ಆ ಅಂಕಿಯೇ ನಿಜವಾದ ಸೊನ್ನೆ. ಎರಡು ಗೆರೆ ಸಮಾನವಾಗಿ ಕಿರಿದಾಗಿ ಕಂಡರೆ ಅವುಗಳ ನಡುವಿನ ಜಾಗ ತೆಗೆದುಕೊಳ್ಳುತ್ತಾರೆ. ಹಳೆಯ ಹೆಡ್ಡಿನಲ್ಲಿ ಕೈಯಿಂದ ತಿರುಗಿಸುವ ಉಂಗುರವೂ ಅಳತೆಯ ಗೆರೆಗಳೂ ಇರುತ್ತವೆ. ಆಟೊ ಫೋಕಸ್ ಹೆಡ್ಡಿನಲ್ಲಿ ಮೋಟಾರು ಮಸೂರವನ್ನು ಸರಿಸುತ್ತದೆ. ಆಟೊ ಎಂಬ ಹೆಸರು ಕೇಳಿ ಪರೀಕ್ಷೆಯೇ ಬೇಡವೆಂದುಕೊಳ್ಳಬಾರದು. ಮೋಟಾರು ಹೇಳಿದ ಜಾಗಕ್ಕೆ ಹೋಗಬಲ್ಲದು, ಯಾವ ಜಾಗ ಸರಿ ಎಂದು ತಿಳಿಸುವವನು ಮನುಷ್ಯನೇ.

ಕೊನೆಗೆ ಒಂದು ಸಣ್ಣ ಚೌಕ ಕತ್ತರಿಸಿ ಕೈಯಲ್ಲಿ ಹಿಡಿದು ಓದಬೇಕು. ಕತ್ತರಿಸುವಾಗ ಕಿಡಿ ತಗಡಿನ ಕೆಳಗೆ ನೆಟ್ಟಗೆ ಸುರಿಯುತ್ತಿದ್ದರೆ ವೇಗ ಹದವಾಗಿದೆ, ಬಾಲದಂತೆ ಹಿಂದಕ್ಕೆ ವಾಲಿದ್ದರೆ ವೇಗ ಹೆಚ್ಚಾಗಿದೆ. ಸ್ಟೇನ್‌ಲೆಸ್ ಅಂಚು ಹಳದಿಯಾದರೆ ಸಾರಜನಕ ಶುದ್ಧವಿಲ್ಲವೆಂಬ ಅನುಮಾನ. ಹೀಗೆ ಅಂಚು ನೋಡಿ ಕಾರಣ ಹೇಳುವವರ ಮುಂದೆ ನಿಂತಾಗ ನನಗೆ ನಾಡಿ ಹಿಡಿಯುವ ವೈದ್ಯರ ಮೇಲಿನಷ್ಟೇ ಗೌರವ ಮೂಡುತ್ತದೆ.

ನಾಮಫಲಕ, ಅಕ್ರಿಲಿಕ್ ಅಕ್ಷರ, ಮರದ ಸ್ಮರಣಿಕೆ ಕತ್ತರಿಸುವ ಚಿಕ್ಕ ಯಂತ್ರಗಳದ್ದು ಇನ್ನೊಂದು ವಂಶ. ಅವು ಕಾರ್ಬನ್ ಡೈಆಕ್ಸೈಡ್ ಲೇಸರುಗಳು. ಈ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಸಿ. ಕುಮಾರ್ ಪಟೇಲ್ ಹುಟ್ಟಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ, ಓದಿದ್ದು ಪುಣೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಮೂರು ವರ್ಷ ಕಳೆದು, 1967ರಲ್ಲಿ ಇಂಗ್ಲೆಂಡಿನ ವೆಲ್ಡಿಂಗ್ ಸಂಶೋಧಕ ಪೀಟರ್ ಹೌಲ್ಡ್‌ಕ್ರಾಫ್ಟ್ ಈ ಕಿರಣದ ಜೊತೆಗೇ ಆಮ್ಲಜನಕದ ಧಾರೆ ಬಿಟ್ಟು ಉಕ್ಕಿನ ತಗಡು ಕತ್ತರಿಸಿ ತೋರಿಸಿದರು. ಇಂದಿನ ಗೇಟಿನ ನವಿಲಿನ ಮೂಲ ಅಲ್ಲಿದೆ. ಈ ಚಿಕ್ಕ ಯಂತ್ರಗಳಲ್ಲಿ ಕಿರಣ ಮೂರು ಕನ್ನಡಿಗಳಿಗೆ ತಾಗಿ ಮಸೂರಕ್ಕೆ ಬರುತ್ತದೆ. ಫೋಕಸ್ ಹುಡುಕಲು ಮರದ ಪಟ್ಟಿಯೊಂದನ್ನು ಓರೆಯಾಗಿ ನಿಲ್ಲಿಸಿ ಉದ್ದಕ್ಕೆ ಒಂದು ಗೆರೆ ಸುಡುತ್ತಾರೆ, ಗೆರೆ ಎಲ್ಲಿ ಅತಿ ಸಣ್ಣದೋ ಆ ಎತ್ತರವೇ ಫೋಕಸ್. ಆ ಎತ್ತರಕ್ಕೆ ಸರಿಯಾಗಿ ಅಕ್ರಿಲಿಕ್ ತುಂಡೊಂದನ್ನು ಕತ್ತರಿಸಿ ಇಟ್ಟುಕೊಂಡರೆ ಮುಂದೆ ಅದೇ ಅಳತೆಗೋಲು.

ಆ ಯಂತ್ರದ ಹಳದಿ ಮಸೂರ ಸತು ಮತ್ತು ಸೆಲೆನಿಯಮ್ ಕೂಡಿದ ಝಿಂಕ್ ಸೆಲೆನೈಡಿನದು. ಸತು ಎಂದೊಡನೆ ಬೀದರಿನವರಿಗೆ ಬಿದ್ರಿ ನೆನಪಾಗದೆ ಇರದು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಉಳಿಯಿಂದ ಗೀರು ತೋಡಿ, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪಾಗಿಸುವ ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. 2023ರಲ್ಲಿ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಬಿದ್ರಿಯಲ್ಲೂ ಪ್ರಶ್ನೆ ಆಳದ್ದೇ. ಗೀರು ಮೇಲುಮೇಲೆ ಇದ್ದರೆ ತಂತಿ ನಿಲ್ಲುವುದಿಲ್ಲ. ಕೋಟೆಯ ರಂಗೀನ್ ಮಹಲಿನ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದವರೂ ಇದನ್ನೇ ಅಳೆದಿದ್ದರು. ಆದರೆ ಲೇಸರ್ ಬಂದು ಬಿದ್ರಿಯ ಕೈಗಳನ್ನು ಬದಲಿಸಲಿ ಎಂದು ನಾನು ಹೇಳುತ್ತಿಲ್ಲ, ಹಾಗಾಗುವುದು ನನಗೆ ಬೇಕಾಗಿಯೂ ಇಲ್ಲ. ಬೆಳ್ಳಿ, ತಾಮ್ರ ಲೇಸರಿಗೆ ಒಲಿಯದ ಲೋಹಗಳು. ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತವೆ, ಹಾಗೆ ಮರಳಿದ ಬೆಳಕು ಯಂತ್ರದ ಮೂಲಕ್ಕೇ ಪೆಟ್ಟು ಕೊಡಬಲ್ಲದು. ಅಂಗುಲದ ಸಣ್ಣ ಪಾಲಿನಲ್ಲಿ ಆಳ ಅಳೆಯುವ ಕಣ್ಣು ಈ ಊರಿಗೆ ಹೊಸದಲ್ಲ ಎಂಬುದಷ್ಟೇ ನನ್ನ ಮಾತು.

ಬೆಳಗ್ಗೆ ಕೂರಿಸಿದ ಫೋಕಸ್ ಮಧ್ಯಾಹ್ನಕ್ಕೆ ಜಾರುವುದೂ ಉಂಟು. ಹೆಚ್ಚಿನ ಸಲ ಕಾರಣ, ಮಸೂರದ ಕೆಳಗಿರುವ ರಕ್ಷಣೆಯ ಗಾಜು. ಕಿಡಿ ಹಾರಿ ಅಥವಾ ಬೀದರಿನ ಕೆಂಪು ದೂಳು ಕೂತು ಅದರ ಮೇಲೆ ಒಂದು ಚುಕ್ಕೆ ಬಿದ್ದರೆ, ಆ ಚುಕ್ಕೆ ಬೆಳಕನ್ನು ಹೀರಿ ಕಾಯುತ್ತದೆ. ಕಾದ ಗಾಜು ಕಿರಣದ ನಡುವನ್ನು ಸರಿಸುತ್ತದೆ. ತಗಡು ಬದಲಾಗಿಲ್ಲ, ಅಂಕಿ ಬದಲಾಗಿಲ್ಲ, ಬರ್ ಮಾತ್ರ ಬರತೊಡಗುತ್ತದೆ. ಗಾಜನ್ನು ಶುದ್ಧ ಆಲ್ಕೊಹಾಲ್ ಮತ್ತು ಲೆನ್ಸ್ ಒರೆಸುವ ಕಾಗದದಿಂದ, ಗಾಳಿ ಬೀಸದ ಜಾಗದಲ್ಲಿ ಒರೆಸಬೇಕು. ಅಂಗಿಯ ಚುಂಗು ಸಲ್ಲದು. ಮಳೆಗಾಲದಲ್ಲಿ ಇನ್ನೊಂದು ತೊಡಕು: ಯಂತ್ರವನ್ನು ತಂಪಾಗಿಡುವ ಚಿಲ್ಲರಿನ ನೀರು ಅತಿ ತಣ್ಣಗಿದ್ದರೆ ತೇವದ ಗಾಳಿ ಮಸೂರದ ಮೇಲೆ ಇಬ್ಬನಿಯಾಗುತ್ತದೆ. ಬೇಸಗೆಯಲ್ಲಿಟ್ಟ ತಾಪವನ್ನೇ ಜುಲೈನಲ್ಲೂ ಮುಂದುವರಿಸಬಾರದು. ಆಮ್ಲಜನಕ, ಸಾರಜನಕದ ಬದಲು ಗಾಳಿ ಊದಿ ಕತ್ತರಿಸುವವರು ಕಂಪ್ರೆಸರಿನ ನೀರು, ಎಣ್ಣೆ ಹೆಡ್ಡಿಗೆ ಬಾರದಂತೆ ಫಿಲ್ಟರ್ ಕಾಯಬೇಕು.

ಕಣ್ಣಿನ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಫೈಬರ್ ಲೇಸರಿನ ಬೆಳಕು ಕಾಣುವುದಿಲ್ಲ, ಆದರೂ ನೇರ ಅಕ್ಷಿಪಟಲಕ್ಕೆ ಇಳಿಯುತ್ತದೆ. ಅಕ್ರಿಲಿಕ್ ಯಂತ್ರದ ಸಾದಾ ಮುಚ್ಚಳ ಆ ಯಂತ್ರದ ಕಿರಣವನ್ನು ತಡೆಯುತ್ತದೆ, ಫೈಬರ್ ಕಿರಣವನ್ನು ತಡೆಯುವುದಿಲ್ಲ. ವೆಲ್ಡಿಂಗಿನ ಕಪ್ಪು ಕನ್ನಡಕವೂ ಸಾಲದು, ಆ ಕಿರಣಕ್ಕೆಂದೇ ಮಾಡಿದ ಕನ್ನಡಕ ಬೇಕು. ಪಿವಿಸಿ ಹಾಳೆಯನ್ನು ಯಾವ ಲೇಸರಿನಲ್ಲೂ ಕತ್ತರಿಸಬಾರದು, ಅದರ ಹೊಗೆಯಲ್ಲಿ ಎದೆ ಸುಡುವ ಆಮ್ಲ ಇರುತ್ತದೆ.

ಇಷ್ಟೆಲ್ಲ ಕಲಿಯುವುದು ಎಲ್ಲಿ? ಯಂತ್ರ ಕೂರಿಸಲು ಬಂದ ಎಂಜಿನಿಯರ್ ಹೋಗುವ ಮುನ್ನ ತೋರಿಸಿದ್ದಷ್ಟೇ ಬಹಳ ಜನರ ಓದು. ಮುಂದಿನದು ಫೋನಿನಲ್ಲಿ. ಒಂದು ಊರಿನ ಯಂತ್ರದ ಪವರ್, ವೇಗ, ಫೋಕಸ್ ಪಟ್ಟಿ ವಾಟ್ಸ್‌ಆ್ಯಪಿನಲ್ಲಿ ಇನ್ನೊಂದು ಊರಿಗೆ ಹೋಗುತ್ತದೆ. ಸೊನ್ನೆ ಬೇರೆಯಾದ ಯಂತ್ರಕ್ಕೆ ಆ ಪಟ್ಟಿ ಹೊಂದುವುದಿಲ್ಲ. ಹುಡುಗ ತನ್ನ ಕೈಗುಣವೇ ಸರಿಯಿಲ್ಲವೆಂದು ಕುಗ್ಗುತ್ತಾನೆ. ಕಲಿಸಬಲ್ಲ ಸಂಸ್ಥೆಗಳಿಲ್ಲವೆಂದಲ್ಲ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ನಮ್ಮ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಟೂಲ್ ರೂಮ್ ಕಸುಬಿಗೆ ತಲೆಮಾರುಗಳನ್ನು ತಯಾರಿಸಿದೆ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಹೊಸ ರೂಪ ಪಡೆದವು. ಇಂಥ ಕಡೆ ಫೋಕಸ್ ಪರೀಕ್ಷೆಯೊಂದನ್ನೇ, ಕನ್ನಡದಲ್ಲಿ, ಒಂದು ವಾರ ಕೈಹಿಡಿದು ಕಲಿಸಬೇಕು. ಬೀದರಿನಿಂದ ಸುಮಾರು 30 ಕಿಲೋಮೀಟರ್ ದೂರದ ಝಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಕಾರ್ಖಾನೆ ಇದೆ. ಹೈದರಾಬಾದ್ ಒಂದು ಹಗಲಿನ ಹೋಗಿಬರುವ ದಾರಿ. ಅಂಚು ಓದಬಲ್ಲ ಔರಾದಿನ ಹುಡುಗನಿಗೆ ಈ ಎರಡೂ ಕಡೆ ಕೆಲಸ ಸಿಗುತ್ತದೆ, ಊರಲ್ಲೇ ಉಳಿದರೂ ಬಿತ್ತುವ ಕೂರಿಗೆಯ ಪಟ್ಟಿಯಿಂದ ಮನೆಯ ಗೇಟಿನವರೆಗೆ ಕೈತುಂಬ ಕೆಲಸ ಇರುತ್ತದೆ.

ಅಂಥ ಪಾಠ ಶುರುವಾಗುವವರೆಗೆ ಪ್ರತಿ ಯಂತ್ರದ ಪಕ್ಕ ಒಂದು ನೋಟ್‌ಬುಕ್ ಇರಲಿ. ತಾರೀಖು, ತಗಡಿನ ಜಾತಿ ಮತ್ತು ದಪ್ಪ, ನಾಝಲ್ ನಂಬರ್, ಅಂದು ಸಿಕ್ಕ ಸೊನ್ನೆ, ಗಾಜು ಬದಲಿಸಿದ ದಿನ ಇಷ್ಟು ಬರೆದು, ಕತ್ತರಿಸಿದ ಚೌಕದ ಮೇಲೂ ಅದೇ ನಂಬರ್ ಹಾಕಿ ಡಬ್ಬಿಯಲ್ಲಿ ಇಟ್ಟರೆ, ನಾಳೆ ಕೆಲಸಕ್ಕೆ ಸೇರುವವನಿಗೆ ಅದೇ ಮೊದಲ ಪಾಠಪುಸ್ತಕ.