ಹಂಡೆಯ ತಾಮ್ರ, ಕಡಲ ಬುಗ್ಗೆ

ಮಕ್ಕಳೇ, ಅಕ್ಕಿಪೇಟೆಯ ನಮ್ಮ ಮನೆಯಲ್ಲಿ ಅಜ್ಜಿ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದ ತಾಮ್ರದ ಹಂಡೆಯಿತ್ತು. ತಾಮ್ರ ಹುಟ್ಟುವುದೆಲ್ಲಿ ಗೊತ್ತೇ?

ಚಿತ್ರದುರ್ಗದ ಬಳಿಯ ಇಂಗಳದಾಳ್‌ನಲ್ಲಿ ತಾಮ್ರದ ಗಣಿಯಿತ್ತು. ಅಲ್ಲಿನ ಅದಿರಿನಲ್ಲಿ ತಾಮ್ರ, ಕಬ್ಬಿಣದ ಜೊತೆ ತುಸು ಸತು, ಸೀಸವೂ ಗಂಧಕದೊಡನೆ ಬೆಸೆದುಕೊಂಡಿವೆ. ಇದೇ ಬಹುಲೋಹ ಸಲ್ಫೈಡ್.

ಆ ಬಯಲುಸೀಮೆ ಒಂದು ಕಾಲಕ್ಕೆ ಕಡಲ ತಳ! ಸಾಕ್ಷಿ ಬೇಕೇ? ಅದೇ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿದಂಥ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಲಾವಾ ನೀರೊಳಗೆ ಉಕ್ಕಿ, ಥಟ್ಟನೆ ತಣಿದು ಹಾಗಾಯಿತು.

ಕಡಲ ತಳದ ಬಿರುಕಿಗಿಳಿದ ನೀರು ಕಾದು, ಬಂಡೆಯ ಲೋಹ ಕರಗಿಸಿಕೊಂಡು ಬುಗ್ಗೆಯಾಗಿ ಏಳುತ್ತದೆ. ತಣ್ಣೀರು ತಾಗಿದೊಡನೆ ಅದಿರು ಗಸಿಯಂತೆ ಕೂರುತ್ತದೆ. ಹಿಂದೂ ಮಹಾಸಾಗರದಲ್ಲಿ ಇದು ಇಂದಿಗೂ ನಡೆದಿದೆ. 2016ರ ಅಂತರರಾಷ್ಟ್ರೀಯ ಒಪ್ಪಂದದಂತೆ ಭಾರತ ಅಲ್ಲಿ 10,000 ಚದರ ಕಿಲೋಮೀಟರಿನಲ್ಲಿ 15 ವರ್ಷ ಶೋಧಿಸಬಹುದು. 2024ರಲ್ಲಿ ನಮ್ಮ ವಿಜ್ಞಾನಿಗಳು ಸುಮಾರು 4,500 ಮೀಟರ್ ಆಳದ ಬುಗ್ಗೆಯೊಂದರ ಚಿತ್ರ ತೆಗೆದರು.

ಆ ಕತ್ತಲಲ್ಲಿ ಬುಗ್ಗೆಯನ್ನೇ ನಂಬಿ ಬದುಕುವ ಸೀಗಡಿ, ಬಸವನಹುಳುಗಳಿವೆ. ಲೋಹವೂ ಬೇಕು, ಅವೂ ಉಳಿಯಬೇಕು. ಜಮೆಯೊಂದನ್ನೇ ಬರೆದರೆ ಲೆಕ್ಕ ಮುಗಿಯದು. ಖರ್ಚನ್ನೂ ಬರೆದು ನೋಡಿಯೇ ಅಗೆಯುವ ಮಾತು.