ಮೊಲದ ಕಣ್ಣು, ಇಲಿಯ ನರ

ವೈರಸ್ ಕಾಯಿಲೆಗೆ ಮದ್ದೇ ಇಲ್ಲ ಎಂದು ವೈದ್ಯರು ನಂಬಿದ್ದ ಕಾಲ. 1962ರಲ್ಲಿ ಹರ್ಬರ್ಟ್ ಕಾಫ್‌ಮನ್ ಎಂಬ ಅಮೆರಿಕದ ನೇತ್ರತಜ್ಞ, ಹರ್ಪಿಸ್ ಸಿಂಪ್ಲೆಕ್ಸ್ ಸೋಂಕು ತಗುಲಿಸಿದ ಮೊಲಗಳ ಕಣ್ಣಿಗೆ ಐಡಾಕ್ಸಿಯುರಿಡಿನ್ ಎಂಬ ಔಷಧದ ಹನಿ ಹಾಕಿ ಹುಣ್ಣು ಮಾಯುವುದನ್ನು ತೋರಿಸಿಕೊಟ್ಟ. ಈ ಔಷಧವನ್ನು 1959ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿಲಿಯಂ ಪ್ರುಸಾಫ್ ತಯಾರಿಸಿದ್ದು ಕ್ಯಾನ್ಸರಿಗೆಂದು. ಕೆಲಸಕ್ಕೆ ಬಂದದ್ದು ಕಣ್ಣಿಗೆ.

ತುಟಿಯಂಚಿನಲ್ಲಿ ಜ್ವರದ ಗುಳ್ಳೆ ಎಬ್ಬಿಸುವ ವೈರಸ್ ಇದೇ. (ಸರ್ಪಸುತ್ತು ಇದರ ದಾಯಾದಿಯೊಂದರ ಕೆಲಸ.) ಇದು ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ, ಅಂದರೆ ಕಾರ್ನಿಯಾಕ್ಕೆ, ಇಳಿದರೆ ಮರದ ರೆಂಬೆಗಳಂತೆ ಕವಲೊಡೆದ ಹುಣ್ಣು ಮಾಡುತ್ತದೆ. ಪ್ರಯೋಗಕ್ಕೆ ಮೊಲದ ಕಣ್ಣೇ ಯಾಕೆಂದರೆ, ಬಣ್ಣದ ಒಂದು ಹನಿ ಹಾಕಿದರೆ ಈ ಹುಣ್ಣು ಎದ್ದು ಕಾಣುತ್ತದೆ. ಪ್ರಾಣಿಯನ್ನು ಕೊಲ್ಲಬೇಕಿಲ್ಲ. ನಿನ್ನೆ ಇದ್ದ ಹುಣ್ಣು ಇವತ್ತು ಎಷ್ಟಾಗಿದೆ ಎಂದು ಅದೇ ಕಣ್ಣಿನಲ್ಲಿ ನೋಡಬಹುದು.

ಐಡಾಕ್ಸಿಯುರಿಡಿನ್ ಮನುಷ್ಯರ ಕಣ್ಣನ್ನೂ ಉಳಿಸಿತು, ಆದರೆ ಕಣ್ಣಿನಾಚೆ ಹೋಗಲಾರದಾಯಿತು. ಡಿಎನ್‌ಎ ಕಟ್ಟುವ ಇಟ್ಟಿಗೆಗಳಲ್ಲಿ ಒಂದರ ಖೋಟಾ ರೂಪ ಅದು. ವೈರಸ್ಸಿನ ಡಿಎನ್‌ಎಗೆ ಸೇರಿಕೊಂಡಂತೆಯೇ ನಮ್ಮ ಆರೋಗ್ಯವಂತ ಕೋಶಗಳ ಡಿಎನ್‌ಎಗೂ ಸೇರಿಕೊಳ್ಳುತ್ತದೆ. ರಕ್ತಕ್ಕೆ ಕೊಟ್ಟರೆ ವಿಷ.

ಬರೋಸ್ ವೆಲ್ಕಮ್ ಕಂಪನಿಯ ಹೋವರ್ಡ್ ಶೇಫರ್, ಗರ್ಟ್ರೂಡ್ ಎಲಿಯನ್ ಮತ್ತು ಸಂಗಡಿಗರು 1977-78ರಲ್ಲಿ ಪ್ರಕಟಿಸಿದ ಏಸೈಕ್ಲೋವಿರ್ ಈ ತೊಡಕನ್ನು ಜಾಣತನದಿಂದ ಬಿಡಿಸಿತು. ಇದೂ ಖೋಟಾ ಇಟ್ಟಿಗೆಯೇ, ಆದರೆ ಒಳಹೋಗುವಾಗ ನಿಷ್ಕ್ರಿಯ. ಅದನ್ನು ಚುರುಕುಗೊಳಿಸುವ ಮೊದಲ ಹೆಜ್ಜೆಗೆ ಥೈಮಿಡಿನ್ ಕೈನೇಸ್ ಎಂಬ ವೈರಸ್ಸಿನದೇ ಕಿಣ್ವ ಬೇಕು. ಸೋಂಕಿಲ್ಲದ ಕೋಶದಲ್ಲಿ ಆ ಕಿಣ್ವವಿಲ್ಲ, ಹಾಗಾಗಿ ಔಷಧ ಬಹುಮಟ್ಟಿಗೆ ಸುಮ್ಮನಿರುತ್ತದೆ. ಸೋಂಕಿರುವ ಕೋಶದಲ್ಲಿ ವೈರಸ್ ತಾನೇ ಅದನ್ನು ಎಬ್ಬಿಸುತ್ತದೆ. ಎಚ್ಚೆತ್ತ ಔಷಧ ವೈರಸ್ಸಿನ ಡಿಎನ್‌ಎ ಸರಪಳಿಗೆ ಸೇರುತ್ತದೆ, ಮುಂದಿನ ಕೊಂಡಿ ಜೋಡಿಸಲು ಅದರಲ್ಲಿ ಜಾಗವಿಲ್ಲದ್ದರಿಂದ ನಕಲು ಅಲ್ಲಿಗೇ ನಿಲ್ಲುತ್ತದೆ. ಇಲಿ, ಗಿನಿ ಹಂದಿ, ಮೊಲಗಳಲ್ಲಿ ಇದು ಫಲಿಸಿತು. ಎಲಿಯನ್‌ಗೆ ಸಂದ 1988ರ ನೊಬೆಲ್ ಪಾಲಿನಲ್ಲಿ ಈ ಕೆಲಸದ ತೂಕವೂ ಇತ್ತು.

ಹಾಗಿದ್ದರೆ ತುಟಿಯ ಗುಳ್ಳೆ ಮತ್ತೆ ಮತ್ತೆ ಬರುವುದೇಕೆ? ಉತ್ತರ ಸಿಕ್ಕಿದ್ದು ಸುಂಡಿಲಿಯಲ್ಲಿ. 1971ರಲ್ಲಿ ಸ್ಟೀವನ್ಸ್ ಮತ್ತು ಕುಕ್ ಎಂಬ ವಿಜ್ಞಾನಿಗಳು ಇಲಿಗಳ ಅಂಗಾಲಿಗೆ ವೈರಸ್ ಚುಚ್ಚಿದರು. ಕಾಯಿಲೆ ಕಳೆದು ಬದುಕುಳಿದ ಇಲಿಗಳ ಬೆನ್ನುಹುರಿಯ ಪಕ್ಕದ ನರಗಂಟುಗಳನ್ನು ತೆಗೆದು ಅರೆದು ಹುಡುಕಿದರೆ ವೈರಸ್ ಇಲ್ಲ. ಅದೇ ನರಗಂಟನ್ನು ಅರೆಯದೆ, ಜೀವಂತ ಕೋಶಗಳ ಜೊತೆ ಕೆಲವು ದಿನ ಬೆಳೆಸಿದರೆ ವೈರಸ್ ಎದ್ದು ಬರುತ್ತದೆ! ಕಾಲಿನಿಂದ ನರ ಹಿಡಿದು ಮೇಲೇರಿ, ಗಂಟಿನಲ್ಲಿ ಬರಿಯ ಡಿಎನ್‌ಎ ಆಗಿ ಮಲಗಿತ್ತು ಅದು.

ಏಸೈಕ್ಲೋವಿರ್ ಸೋಲುವುದು ಇಲ್ಲಿಯೇ. ಮಲಗಿದ ವೈರಸ್ ಕಿಣ್ವ ತಯಾರಿಸುವುದಿಲ್ಲ, ನಕಲನ್ನೂ ತೆಗೆಯುವುದಿಲ್ಲ. ಔಷಧವನ್ನು ಎಬ್ಬಿಸುವವರೇ ಇಲ್ಲ, ಎದ್ದರೂ ತಡೆಯಲು ಕೆಲಸವಿಲ್ಲ. 1979ರ ಸುಮಾರಿನ ಇಲಿ ಪ್ರಯೋಗಗಳು ಇದನ್ನು ಖಚಿತಪಡಿಸಿದವು. ಸೋಂಕು ಹಾಕಿದ ಬೆನ್ನಿಗೇ ಔಷಧ ಕೊಟ್ಟರೆ ವೈರಸ್ ನರಗಂಟಿನಲ್ಲಿ ನೆಲೆಯೂರುವುದನ್ನು ತಡೆಯಬಹುದು, ನೆಲೆಯೂರಿದ ಮೇಲೆ ಕದಲಿಸಲಾಗದು. ಪ್ರಯೋಗಶಾಲೆಯಲ್ಲಿ ಸೋಂಕಿನ ಗಳಿಗೆ ಗೊತ್ತಿರುತ್ತದೆ. ನಮಗೆ ಗುಳ್ಳೆ ಕಂಡಾಗಲೇ ಗೊತ್ತು, ಅಷ್ಟರಲ್ಲಿ ವೈರಸ್ ನರದೊಳಗೆ ಸೇರಿಯಾಗಿರುತ್ತದೆ. ಆದ್ದರಿಂದ 'ಇಲಿಗಳಲ್ಲಿ ಹರ್ಪಿಸ್ ಗುಣ' ಎಂಬ ಸುದ್ದಿ ಓದಿದಾಗಲೆಲ್ಲ ನಾನು ಮೊದಲು ನೋಡುವುದು, ಮದ್ದು ಕೊಟ್ಟದ್ದು ಸೋಂಕು ತಗುಲಿದ ಎಷ್ಟು ಹೊತ್ತಿಗೆ ಎಂಬುದನ್ನು.

ಇಲಿಗೆ ಇನ್ನೊಂದು ಕೊರತೆಯಿದೆ. ಅದರಲ್ಲಿ ಮಲಗಿದ ವೈರಸ್ ತಾನಾಗಿ ಏಳುವುದು ಅಪರೂಪ. ಮರುಕಳಿಸುವಿಕೆಯನ್ನು ಅಳೆಯಲು ಗಿನಿ ಹಂದಿ ಬೇಕು. ಜನನಾಂಗದ ಹರ್ಪಿಸ್ ಅದರಲ್ಲಿ ಮನುಷ್ಯರಂತೆಯೇ ತಾನಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ವೈರಸ್ಸಿನ ಬೇರೊಂದು ಕಿಣ್ವವನ್ನು ಹಿಡಿಯುವ ಹೊಸ ಔಷಧವೊಂದು 2002ರಲ್ಲಿ ಈ ಪರೀಕ್ಷೆಯಲ್ಲಿ ಮರುಕಳಿಸುವಿಕೆಯನ್ನು ತಗ್ಗಿಸಿತು. ಮುಂದೆ ಪ್ರಿಟೆಲಿವಿರ್ ಎಂದು ಹೆಸರಾದ ಅದು ಮನುಷ್ಯರ ಮೇಲಿನ ಪರೀಕ್ಷೆಯಲ್ಲೂ ಭರವಸೆ ಹುಟ್ಟಿಸಿತ್ತು. ಅಷ್ಟರಲ್ಲಿ ಹೆಚ್ಚಿನ ಪ್ರಮಾಣ ಕೊಟ್ಟ ಮಂಗಗಳ ಚರ್ಮ ಮತ್ತು ರಕ್ತದಲ್ಲಿ ವಿವರಿಸಲಾಗದ ತೊಂದರೆ ಕಂಡು, ಅಮೆರಿಕದ ನಿಯಂತ್ರಕರು ಪರೀಕ್ಷೆಗೆ ತಡೆ ಹಾಕಿದರು. ನಂತರ ಅದರ ಪರೀಕ್ಷೆ ಮುಂದುವರಿದದ್ದು, ರೋಗನಿರೋಧಕ ಶಕ್ತಿ ಕುಂದಿ ಏಸೈಕ್ಲೋವಿರ್‌ಗೂ ಬಗ್ಗದ ಸೋಂಕಿರುವವರಲ್ಲಿ.

ಮಲಗಿದ ಡಿಎನ್‌ಎಯನ್ನೇ ಕತ್ತರಿಸುವ ದಾರಿಯೂ ತೆರೆದಿದೆ. ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕೇಂದ್ರದ ಕೀತ್ ಜೆರೋಮ್ ತಂಡ, ನಿರಪಾಯಕಾರಿ ವೈರಸ್ ಒಂದರಲ್ಲಿ ಡಿಎನ್‌ಎ ಕತ್ತರಿಸುವ ಕಿಣ್ವದ ಜೀನ್ ತುಂಬಿ ಇಲಿಗಳಿಗೆ ಕೊಟ್ಟಿತು. ಕೆಲವು ನರಗಂಟುಗಳಲ್ಲಿ ಮಲಗಿದ್ದ ವೈರಸ್ 90%ಕ್ಕೂ ಹೆಚ್ಚು ಇಳಿಯಿತೆಂದು 2020ರಲ್ಲಿ ವರದಿ ಮಾಡಿತು. ಉಳಿದ ಅಂಶ ಗುಳ್ಳೆ ಎಬ್ಬಿಸಲು ಸಾಕೇ ಎಂಬುದನ್ನು ಇಲಿ ಸುಲಭಕ್ಕೆ ಹೇಳಲಾರದು. ಆ ಪ್ರಶ್ನೆಯನ್ನು ಗಿನಿ ಹಂದಿಗೇ ಕೇಳಬೇಕು.